ಅಪ್ಪನ ಎಡಗೈ

ಪಾರ್ಶ್ವವಾಯು ಬಡಿದಾಗಿನಿಂದ ಅಪ್ಪನ ಎಡಗೈ ಮುಷ್ಟಿ ಬಿಗಿದೇ ಇತ್ತು. ಅದನ್ನು ಬಿಡಿಸಿ ತೊಳೆಯುವುದು ಅವ್ವನಿಗೆ ಮಾತ್ರ ಗೊತ್ತಿತ್ತು. "ಬಿಡ್ರಿ, ಯಾರೂ ಕಸಗೊಳ್ಳಂಗಿಲ್ಲ" ಎನ್ನುತ್ತ ಕಿರುಬೆರಳಿನಿಂದ ಶುರುಮಾಡುತ್ತಿದ್ದಳು. ಚಳಿಗಾಲದಲ್ಲಿ ಅವ್ವನೇ ಮೊದಲು ಹೋದಳು.

ಬೇಸಿಗೆಯಲ್ಲಿ ಅಪ್ಪನ ಉಯಿಲು ನೋಂದಾಯಿಸಲು ಅಧಿಕಾರಿ ನಮ್ಮ ಪೀಣ್ಯದ ಮನೆಗೇ ಬಂದರು. ಮನೆ ನನಗೆ ಸೇರಬೇಕೆಂದು ಬರೆಸಿದ್ದರು. ಅಪ್ಪ ಬಲಗೈಯಲ್ಲಿ ಸಹಿ ಹಾಕಿದರು.

"ಎಡಗೈ ಹೆಬ್ಬೆಟ್ಟೂ ಬೇಕು ಮೇಡಂ, ಸ್ವಲ್ಪ ಬಿಡಿಸಿ" ಎಂದರು ಅಧಿಕಾರಿ.

ಲೇತ್ ಮಷಿನ್ ಹಿಡಿದು ಗಟ್ಟಿಯಾದ ಬೆರಳುಗಳು, ನಾನು ಎಷ್ಟು ಎಳೆದರೂ ಜಗ್ಗಲಿಲ್ಲ. ಸೋತು ಕೈಬಿಟ್ಟೆ. ಆಗ, ಯಾರೂ ಮುಟ್ಟದೆ, ಕಿರುಬೆರಳು ಮೇಲೆದ್ದಿತು. ಆಮೇಲೆ ಉಳಿದವು, ಒಂದೊಂದಾಗಿ. ಸುಡುವ ಮಧ್ಯಾಹ್ನದಲ್ಲೂ ಅಂಗೈ ಈಗಷ್ಟೇ ತೊಳೆದಂತೆ ಒದ್ದೆಯಾಗಿ ತಣ್ಣಗಿತ್ತು. ಹೆಬ್ಬೆಟ್ಟು ಒತ್ತಿಸಿಕೊಂಡ ಕೂಡಲೇ ಮುಷ್ಟಿ ಮತ್ತೆ ಬಿಗಿಯಿತು. ಅಪ್ಪ ಅಳುತ್ತಿದ್ದರು.

ಶ್ರಾವಣದಲ್ಲಿ ಅಪ್ಪನೂ ತೀರಿಕೊಂಡರು. ನಮ್ಮಲ್ಲಿ ಮಣ್ಣು ಮಾಡುವಾಗ ಎಡ ಅಂಗೈಯಲ್ಲಿ ಇಷ್ಟಲಿಂಗ ಇಡಬೇಕು.

"ಕೈ ಬಿಚ್ಚವಲ್ದು ನೋಡವ್ವಾ" ಎಂದರು ಅಯ್ಯನವರು, ಬೆವರು ಒರೆಸಿಕೊಳ್ಳುತ್ತ. ಎಲ್ಲರೂ ನನ್ನ ಮುಖ ನೋಡಿದರು.

ನಾನು ಪಕ್ಕಕ್ಕೆ ಸರಿದು, ಒಬ್ಬರು ಕೂರುವಷ್ಟು ಜಾಗ ಬಿಟ್ಟೆ.

ಕಿರುಬೆರಳು ಮೊದಲು ಎದ್ದಿತು.