ಅರ್ಧಕ್ಕೆ ನಿಂತ ಟ್ಯಾಂಗೋ

"ನಿಮಗೆ ಕಿವಿ ಇದೆಯೋ ಇಲ್ವೋ?!"

ಪರದೆಯ ಹಿಂದಿದ್ದವರೆಲ್ಲ ತಿರುಗಿ ನೋಡಿದರು. ಮ್ಯೂಸಿಕ್ ಟೀಚರ್ ಕೈಯಲ್ಲಿದ್ದ ರೆಕಾರ್ಡರ್, ಅದೇ ಆ ಪುಟ್ಟ ಮರದ ಕೊಳಲು, ಸಿಟ್ಟಿನಲ್ಲಿ ಬೆತ್ತದಂತೆ ಮೇಲೆದ್ದಿತ್ತು. ಎದುರಿಗೆ, ಅವಳ ಜೊತೆ ಕೀಬೋರ್ಡ್ ನುಡಿಸುವ ವಾದ್ಯ ರಿಪೇರಿಯವನು ತಲೆ ತಗ್ಗಿಸಿ ನಿಂತಿದ್ದ.

ನುಡಿಸಿದ್ದು ಬ್ರೆಜಿಲ್ ಧಾಟಿಯ ಹಗುರವಾದ ಟ್ಯಾಂಗೋ, ಕುಣಿತದ ರಾಗ. ಆ ಎರಡು ವಾದ್ಯಗಳಿಗೆಂದೇ ಅವನು ಕೂತು ಬರೆದದ್ದು. ಅಭ್ಯಾಸದಲ್ಲಿ ಕುಣಿಯುತ್ತಿದ್ದ ರಾಗ ವೇದಿಕೆ ಹತ್ತಿದ್ದೇ ತಡ ಹಾಳಾಯಿತು. ಕೊಳಲಿನದೊಂದು ಶ್ರುತಿ, ಕೀಬೋರ್ಡಿನದು ಇನ್ನೊಂದು! ಜನ ಕಿಸಕ್ಕನೆ ನಕ್ಕರು. ಅವಳು ಅರ್ಧಕ್ಕೇ ಇಳಿದು ಬಂದಿದ್ದಳು.

"ಶ್ರುತಿ ಏರಿಸೋ ಬಟನ್ ಒತ್ತಿಬಿಟ್ಟಿದ್ದೀರಿ, ಕೆಂಪು ದೀಪ ಕಾಣಲಿಲ್ವಾ? ನನ್ನ ಮಾನ ಕಳೆದ್ರಿ. ಇನ್ನು ನಿಮ್ಮ ಜೊತೆ ನುಡಿಸಲ್ಲ!"

"ತಪ್ಪಾಯ್ತು, ಟೀಚರ್," ಅಂದ. ಅಷ್ಟೇ.

ಒಂದು ಮಾತಾದರೂ ಎದುರಾಡಬಾರದಿತ್ತೇ, ಮಹಾರಾಯ!

ಮರುದಿನ ಬೆಳಿಗ್ಗೆ ತಂಗಿ ಮೊಬೈಲ್ ಹಿಡಿದು ಬಂದಳು. "ಅಕ್ಕಾ... ಬೈಬೇಡ. ಇದು ನಿನ್ನ ಮೊಣಕೈ ಅಲ್ವಾ?"

ತಂಗಿ ತೆಗೆದಿದ್ದ ನಿನ್ನೆಯ ಕಾರ್ಯಕ್ರಮದ ವಿಡಿಯೋದಲ್ಲಿ, ನುಡಿಸುವ ಮೊದಲು, ಅವಳೇ ಕೀಬೋರ್ಡ್ ಮೇಲೆ ಬಾಗಿ ಸ್ವರದ ಹಾಳೆ ಸರಿಪಡಿಸುತ್ತಿದ್ದಳು. ಮೊಣಕೈ ಬಟನ್ ಮೇಲೆ ಊರಿತ್ತು. ಕೆಂಪು ದೀಪ ಹೊತ್ತಿಕೊಂಡಿತು.

ಅಯ್ಯೋ... ಭೂಮಿ ಬಾಯಿಬಿಟ್ಟು ನುಂಗಬಾರದೇ!

ತಿಂಡಿ ಬಿಟ್ಟು ಎದ್ದಳು. 'ಅಷ್ಟು ಜನರ ಮುಂದೆ ಕಿವಿ ಇದೆಯಾ ಅಂತ ಕೇಳಿದೆನಲ್ಲ... ಯಾವ ಮುಖ ಹೊತ್ತು ಹೋಗಲಿ? ಅವರು ಇನ್ನು ನನ್ನ ಜೊತೆ ಮಾತಾಡ್ತಾರಾ?' ಪ್ರತಿ ಸಂಜೆ ತಾನು ಅಭ್ಯಾಸಕ್ಕೆ ಓಡುತ್ತಿದ್ದುದು ಬರೀ ಟ್ಯಾಂಗೋಗಾಗಿ ಅಲ್ಲ ಎಂದು ಅವಳಿಗೆ ಗೊತ್ತಾದದ್ದೇ ಆಗ.

ರಿಪೇರಿ ಅಂಗಡಿಯಲ್ಲಿ ಅವನು ಕೀಬೋರ್ಡ್ ಒಂದನ್ನು ಬಿಚ್ಚಿಟ್ಟು ಬ್ರಷ್‌ನಿಂದ ಧೂಳು ತೆಗೆಯುತ್ತಿದ್ದ. ಮಾಲೀಕರಿದ್ದರು, ಗಿರಾಕಿಗಳೂ ಇದ್ದರು. ಬಾಗಿಲಲ್ಲಿ ಅವಳ ಕೆಂಪಾದ ಮುಖ ಕಂಡು ಅವನೇ ಎದ್ದ.

"ಹೊರಗೆ ಮಾತಾಡೋಣ್ವಾ?"

"ಬೇಡ. ನಾಲ್ಕು ಜನರ ಮುಂದೆ ಬೈದಿದ್ದೀನಿ, ನಾಲ್ಕು ಜನರ ಮುಂದೆನೇ ಹೇಳ್ತೀನಿ. ಬಟನ್ ಒತ್ತಿದ್ದು ನನ್ನ ಮೊಣಕೈ. ತಪ್ಪು ನಂದು... ಕ್ಷಮಿಸಿ."

"ಹೇಳಮ್ಮ, ಹೇಳು. ನಮಗೇನೂ ಅವಸರ ಇಲ್ಲ," ಮಾಲೀಕರು ಕನ್ನಡಕ ಏರಿಸಿಕೊಂಡರು.

"ನಂಗೆ ಗೊತ್ತಿತ್ತು," ಅವನೆಂದ. "ನೀವು ವೇದಿಕೆ ಇಳಿದ ಮೇಲೆ ದೀಪ ನೋಡಿದೆ, ಕೂಡಲೇ ನೀವು ಬಾಗಿದ್ದು ನೆನಪಾಯ್ತು."

"ಮತ್ತೆ ಯಾಕ್ರೀ ಬೈಸಿಕೊಂಡ್ರಿ?!"

"ನಿಮ್ಮ ಶಾಲೆ ಮಕ್ಕಳು ಅಲ್ಲೇ ನಿಂತಿದ್ರು. ಅವರೆದುರು ಟೀಚರ್‌ದೇ ತಪ್ಪು ಅನ್ನೋಕೆ ಮನಸ್ಸು ಬರಲಿಲ್ಲ."

ಅವಳ ನಾಚಿಕೆ ದುಪ್ಪಟ್ಟಾಯಿತು. ಕಣ್ಣು ತುಂಬಿ ಬಂತು.

"ಆ ಟ್ಯಾಂಗೋ... ಬೇರೆಯವರಿಗೆ ಕೊಟ್ಟುಬಿಟ್ರಾ?"

"ಹೇಗೆ ಕೊಡಲಿ? ನೀವು ಎಲ್ಲೆಲ್ಲಿ ಉಸಿರು ತಗೋತೀರ ಅಂತ ನೋಡಿ ನೋಡಿ ಬರೆದದ್ದು."

"ಹಾಗಾದ್ರೆ ಇನ್ಮೇಲೂ ನೀವೇ ಬರೀಬೇಕು. ಜೀವನ ಪೂರ್ತಿ... ನಂಗೆ ನೀವಂದ್ರೆ ತುಂಬಾ ಇಷ್ಟ ರೀ."

ಮಾಲೀಕರು ಕೆಮ್ಮಿ, ಗಿರಾಕಿಗಳನ್ನು ಒಳಕೋಣೆಗೆ ಕರೆದುಕೊಂಡು ಹೋದರು.

"ಮೊಣಕೈ ಮಾತ್ರ ಎಲ್ಲಿಡಬೇಕು ಹೇಳಿಬಿಡಿ," ಕಣ್ಣೊರೆಸಿಕೊಳ್ಳುತ್ತಾ ಕೇಳಿದಳು.

"ನುಡಿಸಿ ಮುಗಿಯೋವರೆಗೂ ಕೀಬೋರ್ಡಿಂದ ದೂರ. ಆಮೇಲೆ... ನನ್ನ ಭುಜದ ಮೇಲೆ."