ಹನ್ನೆರಡು ಡಿಶ್‌ಗಳ ಗುಟ್ಟು

ಊಟ ಮುಗಿಸಿ ಲ್ಯಾಬ್‌ಗೆ ಮರಳಿದವಳು ಬಾಗಿಲಲ್ಲೇ ನಿಂತುಬಿಟ್ಟೆ. ಜೀವಕೋಶ ಬೆಳೆಸಿದ ನನ್ನ ಹನ್ನೆರಡು ಡಿಶ್‌ಗಳ ನಂಬರ್ ಚೀಟಿಗಳನ್ನು ಸ್ಟೋರ್ ನೋಡಿಕೊಳ್ಳುವ, ನಾವೆಲ್ಲ ‘ಅಮ್ಮ’ ಎನ್ನುವ ಹಿರಿಯರು ಕಿತ್ತು, ಬೇರೆ ಅಂಟಿಸುತ್ತಿದ್ದರು. ಪರೀಕ್ಷೆಯಲ್ಲಿ ನನ್ನ ಜೊತೆಗಾರನಾದ ಅವನು ಆ ಕಡೆ ತಿರುಗಿ ಕಿಟಕಿಯಲ್ಲಿ ಕಾವಲಿದ್ದಂತೆ ನಿಂತಿದ್ದ.

ನಾನು ಹುಟ್ಟಾ ಅನುಮಾನದವಳು. ಹಾಲಿನ ಪ್ಯಾಕೆಟ್ಟಿನ ತಾರೀಖನ್ನೂ ಎರಡು ಸಲ ಓದುತ್ತೇನೆ. ಮೂರು ತಿಂಗಳಿಂದ ಅವನ ಮುಗುಳ್ನಗೆಯಲ್ಲೂ ಏನೋ ಮಸಲತ್ತು ಹುಡುಕುತ್ತಿದ್ದೆ. ಹಾಗಿದ್ದೂ ಅವನು ಕನ್ನಡಕ ಒರೆಸುವಾಗ ನನ್ನ ಎಣಿಕೆ ತಪ್ಪುತ್ತಿತ್ತು.

ನನ್ನಕ್ಕನ ಲಿವರಿನಲ್ಲಿ ವರ್ಷಗಳಿಂದ ಅಡಗಿ ಕೂತಿರುವಂಥದ್ದೇ ವೈರಸ್ ಆ ಡಿಶ್‌ಗಳಲ್ಲಿತ್ತು. ಮಾತ್ರೆ ಅದನ್ನು ಹತ್ತಿಕ್ಕುತ್ತದೆ, ಓಡಿಸುವುದಿಲ್ಲ. ಜೀನನ್ನೇ ಕತ್ತರಿಸುವ ಕಿಣ್ವ, ನಮ್ಮ ಮಾತಿನಲ್ಲಿ ಜೀನ್ ಕತ್ತರಿ, ಅದನ್ನು ಜೀವಕೋಶದೊಳಗೇ ತುಂಡರಿಸೀತೇ ಎಂಬುದು ನಮ್ಮ ಪರೀಕ್ಷೆ. ಆರು ಡಿಶ್‌ಗೆ ಕತ್ತರಿ, ಆರಕ್ಕೆ ಬರೀ ಉಪ್ಪುನೀರು ಹಾಕಿದವನು ಅವನು. ಯಾವುದು ಯಾವುದೆಂದು ತಿಳಿಯದೆ, ಉಳಿದ ವೈರಸ್ ಎಣಿಸಬೇಕಾದವಳು ನಾನು. ಅವನು ಕೈಯಾಡಿಸಿದರೆ ಅಕ್ಕನಿಗೆ ನಾನು ಕೊಟ್ಟ ಆಸೆಯೆಲ್ಲ ಸುಳ್ಳು.

“ಚೀಟಿ ಯಾಕೆ ಬದಲಾಯಿಸ್ತಿದೀರಿ?” ಎಂದೆ.

ಅವನು ಬೆಚ್ಚಿ ತಿರುಗಿದ. “ನಾನೇ ಅಮ್ಮನಿಗೆ ಹೇಳ್ದೆ. ಯಾವ ಹಳೇ ನಂಬರಿಗೆ ಯಾವ ಹೊಸ ನಂಬರ್ ಅನ್ನೋ ಪಟ್ಟಿ ಅವರ ಬೀರುವಿನಲ್ಲೇ ಇರುತ್ತೆ.”

“ನೀವ್ಯಾಕೆ ಆ ಕಡೆ ತಿರುಗಿದ್ರಿ?”

“ನಂಗೂ ಗೊತ್ತಾಗ್ಬಾರ್ದು ಅಂತ.”

“ಯಾಕೋ?” ಸಿಟ್ಟಿನಲ್ಲಿ ಏಕವಚನವೇ ಬಂತು.

“ನಿನ್ನೆ ನಾಲ್ಕನೇ ಡಿಶ್ ಎತ್ಕೊಂಡು ನನ್ನ ಮುಖ ನೋಡಿದ್ರಲ್ಲ? ಅದು ಕತ್ತರಿ ಹಾಕಿದ್ದು. ನಂಗೆ ನಗು ತಡೆಯೋಕಾಗ್ಲಿಲ್ಲ. ನನ್ನ ಮುಖಾನೇ ನಿಮಗೆ ಉತ್ತರ ಹೇಳ್ಬಿಡುತ್ತೆ. ನೀವು ಗೆಲ್ಬೇಕು ಅಂತ ಇಷ್ಟು ಆಸೆ ಇರೋನ ಹತ್ರ ಗುಟ್ಟಿರಬಾರ್ದು.”

“ಇಷ್ಟಪಡ್ತೀನಿ ಅಂತ ನೇರ ಹೇಳಪ್ಪಾ, ನಂಗೆ ಬೇರೆ ಕೆಲಸ ಇದೆ,” ಎಂದು ಅಮ್ಮ ಕೊನೆಯ ಚೀಟಿ ಒತ್ತಿದರು. ಅವನ ಕಿವಿಗಳು ಕೆಂಪಾದವು.

ಎರಡು ದಿನ ಎಣಿಸಿದೆ. ಅಮ್ಮ ಪಟ್ಟಿ ಬಿಚ್ಚಿದರು, ಅವನು ತನ್ನ ಹಳೇ ಪಟ್ಟಿ ಪಕ್ಕದಲ್ಲಿಟ್ಟ. ಕತ್ತರಿ ಹಾಕಿದ ಆರರಲ್ಲಿ ಐದು ಡಿಶ್‌ಗಳಲ್ಲಿ ವೈರಸ್ ಬಹುಪಾಲು ಹೋಗಿತ್ತು. ಒಂದರಲ್ಲಿ, ಉಪ್ಪುನೀರಿನ ಆರರಲ್ಲಿದ್ದ ಹಾಗೇ, ಇದ್ದಷ್ಟೂ ಇತ್ತು. ಆ ಒಂದನ್ನು ನೋಡಿಯೇ ನನಗೆ ಅಳು ಬಂತು. ಆರೂ ಗೆದ್ದಿದ್ದರೆ ನಾನು ಖಂಡಿತ ನಂಬುತ್ತಿರಲಿಲ್ಲ.

“ಇನ್ನೂ ತುಂಬಾ ದೂರ ಇದೆ ಅಕ್ಕಾ. ಆದ್ರೆ ದಾರಿ ಇದೆ,” ಎಂದು ಫೋನಿನಲ್ಲಿ ಹೇಳಿದೆ.

ಅವನು ಪಕ್ಕದಲ್ಲೇ ನಿಂತಿದ್ದ. “ಈಗ್ಲಾದ್ರೂ ಅನುಮಾನ ಹೋಯ್ತಾ?”

“ಒಂದು ಉಳಿದಿದೆ. ಅಮ್ಮ ಅವತ್ತು ಹೇಳಿದ ಮಾತಿಗೆ ನೀವಿನ್ನೂ ಹೂಂ ಅಂದಿಲ್ಲ.”

ಅವನು ಕನ್ನಡಕ ತೆಗೆದು ಒರೆಸತೊಡಗಿದ. ಒರೆಸಿ ಮುಗಿಯುವ ಮೊದಲೇ “ಹೂಂ” ಎಂದ.

ನಾನು ಎರಡನೇ ಸಲ ಹೇಳಿಸಿದೆ.