ಸಿಳ್ಳೆ ಹೊಡೆಯದ ರುತ್ಮಿಲಾ

"ಸಿಳ್ಳೆ ಹೊಡಿ ಅಂದ್ರೆ ಹೊಡೀಬೇಕು, ಅಷ್ಟೇ!" ಎಫ್ರೆನ್ ಮಾಮ ಪಿಸುದನಿಯಲ್ಲೇ ಗದರಿದ.

ರುತ್ಮಿಲಾ ತುಟಿ ಬಿಗಿಹಿಡಿದು ನಿಂತಿದ್ದಳು.

ಮಾಮನ ಕೈಯಲ್ಲಿ ಉದ್ದನೆಯ ಗಳ, ಅದರ ತುದಿಯಲ್ಲಿ ದಾರದ ಕುಣಿಕೆ. ಹಿತ್ತಲ ಹುಣಸೆ ಕೊಂಬೆಯ ಮೇಲೆ ಇಗ್ವಾನಾ ಬಿಸಿಲಿಗೆ ಮೈ ಕಾಯಿಸುತ್ತಾ ಮಲಗಿತ್ತು. ಓತಿಕ್ಯಾತನ ದೊಡ್ಡಣ್ಣ ಅನ್ನಿ. ಬಾಲ ಸೇರಿಸಿದರೆ ರುತ್ಮಿಲಾಳಷ್ಟೇ ಉದ್ದ.

ಕುರಸಾವೊ ದ್ವೀಪದಲ್ಲಿ ಸಾರಿಗೆಂದು ಇಗ್ವಾನಾ ಹಿಡಿಯುವವರದು ಒಂದೇ ಮಾತು: ಇಂಪಾದ ಸಿಳ್ಳೆ ಕೇಳಿದರೆ ಅದು ಕತ್ತೆತ್ತಿ, ಮೈಮರೆತು ನಿಂತುಬಿಡುತ್ತದೆ. ಆಗ ಕುಣಿಕೆ ಹಾಕುವುದು ಸುಲಭ. ಆದರೆ ಮಾಮನ ಮುಂದಿನ ಹಲ್ಲುಗಳು ಬಿದ್ದುಹೋಗಿದ್ದವು. ಸಿಳ್ಳೆ ಹೊಡೆಯಲು ಹೋದರೆ ಬರೀ ಗಾಳಿ. ಇಡೀ ಬೀದಿಯಲ್ಲಿ ರುತ್ಮಿಲಾಳಷ್ಟು ಚೆನ್ನಾಗಿ ಸಿಳ್ಳೆ ಹೊಡೆಯುವವರು ಇರಲಿಲ್ಲ. ಅದಕ್ಕೇ ಅವಳನ್ನು ಕರೆದದ್ದು.

"ಮಾಮ, ಅದನ್ನ ಸರಿಯಾಗಿ ನೋಡಿದೀಯಾ? ಬೆಳಿಗ್ಗೆ ಕಪ್ಪಗಿರುತ್ತೆ. ಬಿಸಿಲು ಏರಿದ ಹಾಗೆ ಹಸಿರಾಗುತ್ತೆ. ಸೀನಿದ್ರೆ ಮೂಗಿಂದ ಉಪ್ಪು ಬರುತ್ತೆ!"

"ಹಾಗಾದ್ರೆ ಸಾರಿಗೆ ಬೇರೆ ಉಪ್ಪು ಹಾಕೋದೇ ಬೇಡ," ಮಾಮ ನಕ್ಕ. "ಮುದ್ದೆ ಜೊತೆ ಬಡಿಸಿದ್ರೆ ಮೊದಲು ತಟ್ಟೆ ಹಿಡಿಯೋಳು ನೀನೇ."

"ಹಿಡಿಯಲ್ಲ. ಸಿಳ್ಳೇನೂ ಹೊಡೆಯಲ್ಲ."

"ಹಾಗೋ? ಶನಿವಾರ ದೋಣೀಲಿ ಕರ್ಕೊಂಡು ಹೋಗ್ತೀನಿ ಅಂದಿದ್ನಲ್ಲ, ಅದೂ ಕ್ಯಾನ್ಸಲ್!"

ಆ ದೋಣಿಗಾಗಿ ರುತ್ಮಿಲಾ ಮಾಮನನ್ನು ಎಷ್ಟು ಕಾಡಿದ್ದಳೋ! ಅಳು ಬಂತು. ಅಳುವಿಗಿಂತ ಜಾಸ್ತಿ ಸಿಟ್ಟು ಬಂತು.

"ಮಾಡ್ಕೋ ಕ್ಯಾನ್ಸಲ್," ಅಂದಳು.

"ನಿನ್ನ ಹಂಗೇ ಬೇಡ ಹೋಗು." ಮಾಮ ಕೊಂಬೆಯ ಹಿಂದಿನಿಂದ ಮೆಲ್ಲಗೆ ಗಳ ಎತ್ತಿದ. ಇಗ್ವಾನಾ ಅರೆಗಣ್ಣು ಮುಚ್ಚಿತ್ತು. ಕುಣಿಕೆ ಅದರ ಕತ್ತಿನ ಹತ್ತಿರ ಬಂತು. ಇನ್ನೂ ಹತ್ತಿರ ಬಂತು.

ಆಕಾಶದಲ್ಲಿ ಹದ್ದು ಹಾರಿದರೆ ಅದರ ನೆರಳಿಗೇ ಇಗ್ವಾನಾ ಓಡಿಹೋಗುವುದನ್ನು ರುತ್ಮಿಲಾ ನೋಡಿದ್ದಳು. ತಟ್ಟನೆ ತಲೆಯ ಮೇಲಿದ್ದ ಟೋಪಿ ತೆಗೆದು ಕೊಂಬೆಯ ಮೇಲಕ್ಕೆ ಎಸೆದಳು. ಅದರ ನೆರಳು ಇಗ್ವಾನಾದ ನೆತ್ತಿಯ ಮೇಲೆ ಹಾದುಹೋಯಿತು.

ಧೊಪ್! ಅಷ್ಟು ಎತ್ತರದಿಂದ ನೆಗೆದು ಅದು ಓಟ ಕಿತ್ತಿತು. ಮಾಮ ಗಳ ಬಿಸಾಡಿ ಬಾಲಕ್ಕೆ ಕೈ ಹಾಕಿದ. ಬಾಲದ ತುದಿ ಪಟಕ್ಕನೆ ಮುರಿದು ಅವನ ಕೈಯಲ್ಲೇ ಕುಣಿಯತೊಡಗಿತು.

"ಇಷ್ಟೇನಾ ಸಿಕ್ಕಿದ್ದು!"

"ಅದಕ್ಕೆ ಬಾಲ ಮತ್ತೆ ಬೆಳೆಯುತ್ತೆ," ರುತ್ಮಿಲಾ ಅಂದಳು. "ನಿನ್ನ ಹಲ್ಲಿನ ಹಾಗಲ್ಲ!"

ಇಗ್ವಾನಾ ಕಳ್ಳಿ ಬೇಲಿಯ ಬುಡದಲ್ಲಿ ನಿಂತಿತ್ತು. ರುತ್ಮಿಲಾ ಖುಷಿಯಿಂದ ಅದರ ಹತ್ತಿರ ಹೋದಳು. "ಹೆದರ್ಬೇಡ, ನಾನು ಕಣೋ..."

ಅದು ನಾಲ್ಕೂ ಕಾಲೂರಿ ಎದ್ದು ನಿಂತಿತು. ಗಂಟಲ ಕೆಳಗಿನ ಚರ್ಮ ಬೀಸಣಿಗೆಯ ಹಾಗೆ ಬಿಚ್ಚಿಕೊಂಡಿತು. ಬೆನ್ನಿನ ಮುಳ್ಳುಗಳೆಲ್ಲ ಸೆಟೆದವು. ಮೊಂಡುಬಾಲವನ್ನು ನೆಲಕ್ಕೆ ಬಡಿಯಿತು. ಬಿಸಿಲಿಗೆ ಅದರ ಮೈ ಹಸಿರಾಗಿ ಥಳಥಳಿಸುತ್ತಿತ್ತು.

ರುತ್ಮಿಲಾ ಅಲ್ಲೇ ನಿಂತಳು. ಅದಕ್ಕೆ ಮಾಮನೂ ಒಂದೇ, ಅವಳೂ ಒಂದೇ. ಯಾರಿಗೂ ಸೊಪ್ಪು ಹಾಕುವ ಪ್ರಾಣಿ ಅದಲ್ಲ. ಅವಳಿಗೆ ಒಂಚೂರೂ ಬೇಜಾರಾಗಲಿಲ್ಲ.

"ಆಯ್ತಪ್ಪ, ಬರಲ್ಲ," ಎಂದು ಅವಳು ಹಿಂದೆ ಸರಿದು ನಿಂತಳು.